ಐದು ಪೆಟ್ಟಿಗೆ, ಒಂದು ಕಿವಿ

ನಮ್ಮ ಭಾವನಿಗೆ ಎರಡು ವಸ್ತು ಒಂದಕ್ಕೊಂದು ಹೊಂದದೆ ಕಂಡರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಅವರದು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಗೋಡೆಯಿಂದ ಉಗುರಿನಷ್ಟು ಚಕ್ಕೆ ಕೆರೆದು ತಂದುಕೊಟ್ಟರೆ ಸಾಕು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಡಬ್ಬಕ್ಕೆ ಒಂದು ತೊಟ್ಟು ಕಪ್ಪು, ಅರೆ ತೊಟ್ಟು ಹಳದಿ ಬಿಟ್ಟು ಕಲಕಿ ಕೊಡುತ್ತಾರೆ. ಆಮೇಲೆ ತೇಪೆ ಹಾಕಿದ್ದು ಎಲ್ಲೆಂದು ಆ ಮನೆಯ ಯಜಮಾನನೇ ಹುಡುಕಾಡಬೇಕು. ನಾನು ಒಂದೊಂದು ಕಾಲಿಗೆ ಒಂದೊಂದು ಬಗೆಯ ಕಾಲುಚೀಲ ಏರಿಸಿಕೊಂಡು ಮಹಡಿಯಿಂದ ಇಳಿದು ಬಂದರೆ ಪೇಪರ್ ಮಡಚಿಟ್ಟು ನಿಟ್ಟುಸಿರು ಬಿಡುತ್ತಾರೆ. ಅದಕ್ಕೇ ನಾನು ಕೆಲವು ಸಲ ಬೇಕೆಂದೇ ಹಾಗೆ ಇಳಿಯುತ್ತೇನೆ. ನಾದಿನಿ ಎಂದಮೇಲೆ ಅಷ್ಟಾದರೂ ಹಕ್ಕು ಬೇಡವೇ?

ಇಂಥ ಮನುಷ್ಯ ಹೋಮ್ ಥಿಯೇಟರ್ ಕಟ್ಟಲು ಹೊರಟಾಗ ಕೈಗೆ ಸಿಕ್ಕಿದ್ದು ಒಂದರ ಮುಖ ಇನ್ನೊಂದು ನೋಡಿರದ ಐದು ಸ್ಪೀಕರು, ಮೂರು ಕಾಲದ ಮೂರು ಆಂಪ್ಲಿಫೈಯರು. ಮುಂದೆ ಎಡಗಡೆಗೆ ಅವರ ದೊಡ್ಡಪ್ಪನ ಮನೆಯಿಂದ ಬಂದ, ನನ್ನ ಸೊಂಟದೆತ್ತರದ ಮರದ ಪೆಟ್ಟಿಗೆ. ಅದರ ಜೋಡಿಯನ್ನು ಗೆದ್ದಲು ನುಂಗಿ ನೀರು ಕುಡಿದಿತ್ತು. ಹಾಗಾಗಿ ಬಲಗಡೆಗೆ, ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಬಡಕಲು ಕಂಬದಂಥದ್ದು. ನಡುವೆ ಟಿವಿಯ ಕೆಳಗೆ ಹೊಸದಾಗಿ ಕೊಂಡ ಅಡ್ಡ ಪೆಟ್ಟಿಗೆ. ನಾವು ಕೂರುವ ಸೋಫಾದ ಹಿಂದೆ ಎಡಕ್ಕೆ, ಮುಚ್ಚಿಹೋದ ಸಭಾಂಗಣವೊಂದರ ಗೋಡೆಯಿಂದ ಇಳಿಸಿದ ತಗಡು ಬಾಯಿಯದು. ಹಿಂದೆ ಬಲಕ್ಕೆ, ಕಿಟಕಿಯ ಮೇಲೆ, ಹಳೆಯ ಕಂಪ್ಯೂಟರಿನ ಜೊತೆ ಬಂದಿದ್ದ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಇವನ್ನೆಲ್ಲ ಒಂದೇ ಸಿನಿಮಾಕ್ಕೆ ದುಡಿಸುವುದೆಂದರೆ ಹೊಂದಾಣಿಕೆಯಿಲ್ಲದ ಐದು ಜನರನ್ನು ಒಂದೇ ಪಲ್ಲಕ್ಕಿ ಹೊರಲು ಕರೆದಂತೆ.

ಅವುಗಳಿಗೆ ಹೆಸರಿಟ್ಟವಳು ನಮ್ಮಕ್ಕ. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳ ಮಿಷನ್ನಿನ ಕೋಣೆಗೂ ಹಾಲ್‌ಗೂ ನಡುವೆ ಬಾಗಿಲಿಲ್ಲ, ಒಂದು ಪರದೆ ಅಷ್ಟೇ. ಭಾವ ಒಂದೊಂದಾಗಿ ತಂದು ಹಾಡು ಹಾಕಿ ನೋಡಿದಾಗ ಅವಳು ಆ ಕಡೆಯಿಂದಲೇ ತೀರ್ಪು ಕೊಡುತ್ತಿದ್ದಳು. ಗುಡುಗಿದಂತೆ ಮಾತಾಡುವ ಮರದ ಪೆಟ್ಟಿಗೆ ದೊಡ್ಡಪ್ಪನೇ ಆಯಿತು. ಬಡಕಲು ಕಂಬ ಮೂಗಿನಲ್ಲಿ ಮಾತಾಡುತ್ತಿದ್ದುದರಿಂದ ನೆಗಡಿ. ನಡುವಿನದು ಅಕ್ಷರಕ್ಷರ ಬಿಡಿಸಿ ಹೇಳುತ್ತಿತ್ತು, ಅದು ಟೀಚರಮ್ಮ. ಹಿಂದಿನ ಎರಡು, ತಗಡು ಮತ್ತು ಸೊಳ್ಳೆ.

“ರೀ, ನಿಮ್ಮ ಸಂಸಾರ ದೊಡ್ಡದಾಗ್ತಾ ಇದೆ. ಇವರಿಗೆಲ್ಲ ಊಟಕ್ಕೆ ನಾನು ಹಾಕಬೇಕಾ?” ಎಂದು ಅಕ್ಕ ಕೇಳಿದ್ದಳು. ಆಗಿನ್ನೂ ಅವಳು ತಮಾಷೆ ಮಾಡುತ್ತಿದ್ದಳು.

ಅಷ್ಟರಲ್ಲಿ ಅವಳ ಕಿವಿ ಹೋಯಿತು. ಒಂದು ಜ್ವರ ಬಂತು, ಬಿಟ್ಟಿತು. ಮರುದಿನ ಬೆಳಿಗ್ಗೆ ಎದ್ದಾಗ ಬಲಗಿವಿ ಪೂರ್ತಿ ಸತ್ತುಹೋಗಿತ್ತು. ಕಿವಿಯ ಡಾಕ್ಟರು ಏನೇನೋ ಮಾಡಿ ನೋಡಿ ಕೊನೆಗೆ, “ಎಡಗಿವಿ ಬಹಳ ಚೆನ್ನಾಗಿದೆ, ಅದೇ ಸಮಾಧಾನ,” ಎಂದು ಕೈಚೆಲ್ಲಿದರು. ನಾವೂ ಸಮಾಧಾನ ಮಾಡಿಕೊಂಡೆವು. ಎರಡರಲ್ಲಿ ಒಂದು ಹೋಯಿತು, ಇನ್ನು ಮೇಲೆ ಅರ್ಧ ಕೇಳುತ್ತದೆ, ನಾವು ಸ್ವಲ್ಪ ಜೋರಾಗಿ ಮಾತಾಡಿದರಾಯಿತು ಎಂದು ನಮ್ಮ ಲೆಕ್ಕ. ಆ ಲೆಕ್ಕ ತಪ್ಪಾಗಿತ್ತು. ಅವಳಿಗೆ ಎಲ್ಲವೂ ಕೇಳುತ್ತಿತ್ತು, ಸೂಜಿ ಬಿದ್ದರೂ ಕೇಳುತ್ತಿತ್ತು. ಎಲ್ಲಿಂದ ಎನ್ನುವುದು ಮಾತ್ರ ಹೊರಟುಹೋಗಿತ್ತು.

“ಶಬ್ದ ಇದೆ ಕಣೇ, ಜಾಗ ಇಲ್ಲ,” ಎಂದಳು ನನ್ನ ಹತ್ತಿರ. “ನೀನು ಮಾತಾಡಿದ್ರೂ ಅಷ್ಟೇ, ಪಕ್ಕದ ಮನೆ ಬಾಗಿಲು ಬಡಿದ್ರೂ ಅಷ್ಟೇ. ಎಲ್ಲಾ ಎಡಗಿವಿಯ ಹತ್ತಿರಾನೇ ಬಂದು ಬೀಳುತ್ತೆ.”

ನಾನು ಕಾರು ಓಡಿಸಲು ಕಲಿಸುವವಳು. ಹಿಂದಿನ ಹಾರ್ನ್ ಯಾವ ಕಡೆಯದೆಂದು ತಿಳಿಯದೆ ಕಂಗಾಲಾಗುವ, ಹೊಸದಾಗಿ ಕಲಿಯುವವರ ಮುಖ ದಿನಾ ನೋಡುತ್ತೇನೆ. ಅಕ್ಕನ ಮುಖ ದಿನವಿಡೀ ಹಾಗೇ ಆಗಿಬಿಟ್ಟಿತು. ರಸ್ತೆ ದಾಟುವುದನ್ನು ಬಿಟ್ಟಳು. ನಾಲ್ಕು ಜನ ಸೇರಿದ ಕಡೆ ಹೋಗುವುದನ್ನು ಬಿಟ್ಟಳು. ಅದೆಲ್ಲ ಹೇಗೋ ನಡೆಯುತ್ತಿತ್ತು, ಮೆಣಸು ಒಬ್ಬಳು ಇಲ್ಲದಿದ್ದರೆ.

ಮೆಣಸು ಎಂದರೆ ಅಕ್ಕನ ಮಗಳು. ಹುಟ್ಟಿದಾಗಿನಿಂದ ಚುರುಕು, ಖಾರ, ಒಂದೆಡೆ ನಿಂತವಳಲ್ಲ. ಒಂದು ಸಂಜೆ ನಾನು ಕ್ಲಾಸ್ ಮುಗಿಸಿ ಮನೆಗೆ ಬಂದಾಗ ಆ ಮಗು ಹಿತ್ತಲಿನ ಕಬ್ಬಿಣದ ಗೇಟಿನ ಸಂದಿಗೆ ಕೈ ಸಿಕ್ಕಿಸಿಕೊಂಡು, ಕೂಗಿ ಕೂಗಿ ದನಿ ಹೋಗಿ, ಬಿಕ್ಕುತ್ತಾ ನಿಂತಿತ್ತು. ಕೈ ಬಿಡಿಸಿ, ಎತ್ತಿಕೊಂಡು, ಅಕ್ಕನನ್ನು ಹುಡುಕುತ್ತಾ ಒಳಗೆ ಓಡಿದೆ. ಅಡುಗೆಮನೆಯ ಬಾಗಿಲು, ಬಚ್ಚಲಿನ ಬಾಗಿಲು, ಮಂಚದ ಕೆಳಗಿನ ಡ್ರಾಯರು, ಎಲ್ಲವೂ ತೆರೆದುಬಿದ್ದಿದ್ದವು. ಅಕ್ಕ ಮಹಡಿಯ ಮೇಲೆ ನನ್ನ ಕೋಣೆಯಲ್ಲಿದ್ದಳು. ನನ್ನ ಬಟ್ಟೆಯ ಕಪಾಟು ತೆರೆದು, ನೇತುಹಾಕಿದ ಬಟ್ಟೆಗಳನ್ನು ಸರಿಸಿ ಸರಿಸಿ, ಅದರೊಳಗೆ ಮಗಳನ್ನು ಹುಡುಕುತ್ತಿದ್ದಳು.

ಅವತ್ತಿನಿಂದ ಅಕ್ಕ ಮಗುವನ್ನು ಕಣ್ಣಳತೆಯಿಂದ ಆಚೆ ಬಿಡಲಿಲ್ಲ. ಹಿತ್ತಲು ಬಂದ್, ಮಹಡಿ ಬಂದ್. ಮೆಣಸು ಮಿಷನ್ನಿನ ಪಕ್ಕದ ಚಾಪೆಯ ಮೇಲೆ ಚಿಂದಿ ಬಟ್ಟೆ ಜೋಡಿಸುತ್ತಾ ಕೂರಬೇಕು. ಎದ್ದರೆ ಅಕ್ಕನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಮಗುವಿನ ಖಾರವೆಲ್ಲ ಇಳಿದುಹೋಗಿ, ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಸಾಧುವಾಯಿತು. ನಮಗೆ ಯಾರಿಗೂ ಅದನ್ನು ನೋಡಲಾಗುತ್ತಿರಲಿಲ್ಲ.

ಭಾವ ಆಗ ಹಟ ತೊಟ್ಟರು. “ಇಡೀ ಊರು ನನ್ನ ಕೈಲಾಗಲ್ಲ,” ಎಂದರು ನನ್ನನ್ನು ಬಾಲ್ಕನಿಗೆ ಕರೆದು. “ಈ ಒಂದು ಕೋಣೇಲಿ ಅವಳಿಗೆ ಮುಂದೆ ಯಾವುದು, ಹಿಂದೆ ಯಾವುದು ಅಂತ ಕೇಳಿಸ್ತೀನಿ. ಐದು ಕಡೆಯಿಂದ ಐದು ಪೆಟ್ಟಿಗೆ, ಸರಿಯಾಗಿ ಹೊಂದಿಸಿದ್ರೆ, ಕಿವಿಗೆ ದಾರಿ ಸಿಕ್ಕೇ ಸಿಗುತ್ತೆ. ಒಂದ್ಸಲ ರೂಢಿಯಾದ್ರೆ ಮನೇಲೂ ಆಗುತ್ತೆ.”

“ಭಾವ, ಡಾಕ್ಟರಿಗೇ ಆಗದ್ದು ನಿಮ್ಮ ನೆಗಡಿ, ಸೊಳ್ಳೆಗಳಿಂದ ಆಗುತ್ತಾ?” ಎಂದು ನಾನು ಮೂಗು ಮುರಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಅದೇ ನನಗೆ ಚುಚ್ಚಿತು, ಹೋಗಿ ವೈರು ಹಿಡಿದುಕೊಂಡೆ.

ಆ ಕೆಲಸ ಎಂಥದ್ದೆಂದು ಹಿಡಿದವರಿಗೇ ಗೊತ್ತು. ಮೂರು ಆಂಪ್ಲಿಫೈಯರುಗಳಲ್ಲಿ ಒಂದು ಕಬ್ಬಿಣದ ಟ್ರಂಕಿನಷ್ಟು ಭಾರದ ಹಳೆಯದು, ಒಂದು ಸೋಪಿನ ಪೆಟ್ಟಿಗೆಯಷ್ಟಿರುವ ಪುಟ್ಟದು, ಇನ್ನೊಂದು ರಿಮೋಟು, ಡಿಸ್‌ಪ್ಲೇ, ಅಳೆಯುವ ಮೈಕು ಎಲ್ಲ ಇರುವ ಹೊಸದು. ಒಂದರ ತಿರುಪನ್ನು ಅರ್ಧ ತಿರುಗಿಸಿದರೆ ಪಿಸುಮಾತು, ಇನ್ನೊಂದರದನ್ನು ಅರ್ಧ ತಿರುಗಿಸಿದರೆ ಬೊಬ್ಬೆ. ದೊಡ್ಡಪ್ಪನಿಗೆ ಪುಟ್ಟದನ್ನು ಜೋಡಿಸಿದ ದಿನ ಅದು ಬಿಸಿಯಾಗಿ, ಒಂದು ಸಲ ಟಕ್ ಎಂದು ಕೈಯೆತ್ತಿಬಿಟ್ಟಿತು.

“ಸ್ಪೀಕರ್ ದೊಡ್ಡದು ಅಂತಲ್ಲ,” ಭಾವ ಅದರ ಬೆನ್ನು ಮುಟ್ಟಿ ನೋಡುತ್ತಾ ಹೇಳಿದರು. “ದೊಡ್ಡಪ್ಪಂಗೆ ಬಾಯಾರಿಕೆ ಜಾಸ್ತಿ, ಕರೆಂಟ್ ಎಳ್ಕೊಳ್ತಾನೇ ಇರುತ್ತೆ. ಇಷ್ಟು ಸಣ್ಣದು ಎಷ್ಟು ಅಂತ ಕೊಡುತ್ತೆ ಪಾಪ. ಆ ತಗಡು ನೋಡು, ಒಂದು ಗುಟುಕು ಕೊಟ್ಟರೆ ಊರೇ ಕೇಳೋ ಹಾಗೆ ಕಿರುಚುತ್ತೆ.” ಹಾಗೆ ಬಾಯಾರಿಕೆಯ ದೊಡ್ಡಪ್ಪನಿಗೆ ಕಬ್ಬಿಣದ ಟ್ರಂಕು, ಗುಟುಕಿನ ತಗಡಿಗೂ ಸೊಳ್ಳೆಗೂ ಪುಟ್ಟದು, ಮಿಕ್ಕವಕ್ಕೆ ಹೊಸದು ಎಂದಾಯಿತು. ಎಲ್ಲವಕ್ಕೂ ಶಬ್ದ ಹಂಚುವ ಯಜಮಾನಿಕೆಯೂ ಹೊಸದರದೇ.

ಆಮೇಲೆ ಅಳತೆ. ಹೊಸ ಆಂಪ್ಲಿಫೈಯರು ಒಂದೊಂದೇ ಸ್ಪೀಕರಿನಿಂದ ಸುಯ್ಯೆಂದು, ಮೂಟೆಯಿಂದ ಮರಳು ಸುರಿದಂಥ ಶಬ್ದ ಬಿಡುತ್ತದೆ. ಅಕ್ಕ ಕೂರುವ ಜಾಗದಲ್ಲಿ ಮೈಕು ಇಟ್ಟರೆ ಯಾವುದು ಜೋರು, ಯಾವುದಕ್ಕೆ ಮೂಗು, ಯಾವುದಕ್ಕೆ ಹೊಟ್ಟೆ ಎಂದೆಲ್ಲ ತಾನೇ ಕೇಳಿಸಿಕೊಂಡು ತಿದ್ದುತ್ತದೆ. ಭಾವನಿಗೆ ಅಷ್ಟು ಸಾಲದು. ಯಂತ್ರ ತಿದ್ದಿದ ಮೇಲೆ ತಾವು ಮತ್ತೆ ಕಿವಿಯಿಂದ ತಿದ್ದುತ್ತಿದ್ದರು. ಸ್ಪೀಕರಿಗೆ ಕಂಬಳಿಯ ತುಂಡು ತುರುಕಿ, ತಗಡಿನ ಬಾಯಿಗೆ ಉಣ್ಣೆ ಕಟ್ಟಿ, ಸೊಳ್ಳೆಯನ್ನು ಮರದ ಗೂಡೊಳಗೆ ಕೂರಿಸಿ. ಅಂಗಡಿಯಲ್ಲಿ ಬಣ್ಣಕ್ಕೆ ತೊಟ್ಟು ಬಿಡುವ ಅದೇ ಕಣ್ಣು ಕಿರಿದಾಗಿಸಿದ ಮುಖ. ಕೊನೆಗೊಂದು ಭಾನುವಾರ ಐದೂ ಕಡೆಯಿಂದ ಬರುವ ಮರಳು ಒಂದೇ ಮೂಟೆಯ ಮರಳಾಯಿತು.

“ಕೂತ್ಕೋ ನಾದಿನಿ, ನೀನೇ ಮೊದಲು,” ಎಂದರು. ನಾನು ಸೋಫಾದಲ್ಲಿ ಕುಳಿತೆ. ಕಾಡಿನ ಸಿನಿಮಾ. ಎಲೆಗಳ ನಡುವಿನಿಂದ ಒಂದು ಹಕ್ಕಿ ಎದ್ದಿತು.

ನಾನು ಸುಳ್ಳು ಹೇಳುವುದಿಲ್ಲ, ತಲೆ ತಗ್ಗಿಸಿಬಿಟ್ಟೆ. ರೆಕ್ಕೆ ಬಡಿಯುತ್ತಾ ಅದು ನನ್ನ ಎಡಗೆನ್ನೆಯ ಪಕ್ಕದಲ್ಲೇ ಹಾದು, ಬೆನ್ನ ಹಿಂದೆ ಸುತ್ತಿ, ಕಿಟಕಿಯ ಕಡೆಯಿಂದ ಮತ್ತೆ ಮುಂದೆ ಬಂದು ಟಿವಿಯ ಮೇಲೆಲ್ಲೋ ಕುಳಿತಿತು. ಸ್ಪೀಕರುಗಳು ಇರಲೇ ಇಲ್ಲ. ದೊಡ್ಡಪ್ಪ ಎಲ್ಲಿ, ತಗಡು ಎಲ್ಲಿ? ಏನೂ ಇಲ್ಲದ ಬರಿಯ ಗಾಳಿಯಲ್ಲಿ, ನನ್ನ ಕಣ್ಣೆದುರಿನ ಖಾಲಿ ಜಾಗದಲ್ಲಿ, ಒಂದು ಹಕ್ಕಿ ಇತ್ತು. ಗೆದ್ದಲು ಬಿಟ್ಟದ್ದು, ಜನ ಬಿಟ್ಟದ್ದು, ಸಭಾಂಗಣ ಬಿಟ್ಟದ್ದು, ಇವನ್ನೆಲ್ಲ ಕೂಡಿಸಿ ನಮ್ಮ ಭಾವ ಹಾಲ್‌ನಲ್ಲಿ ಕಾಡು ಹಬ್ಬಿಸಿದ್ದರು.

“ಅಕ್ಕಾ, ಬಾರೇ, ಬೇಗ ಬಾ!” ಎಂದು ಕೂಗಿದೆ.

ಅಕ್ಕ ಹೆಗಲ ಮೇಲಿನ ದಾರ ಕೊಡವಿಕೊಂಡು ಬಂದು ಕುಳಿತಳು. ಮೆಣಸು ಅವಳ ತೊಡೆಯ ಮೇಲೆ. ಮತ್ತೆ ಹಕ್ಕಿ ಎದ್ದಿತು. ಮೆಣಸಿನ ತಲೆ ಹಕ್ಕಿಯ ಹಿಂದೆ ಗಿರ್ರೆಂದು ತಿರುಗಿತು. ಅಕ್ಕನ ತಲೆ ಅಲ್ಲಾಡಲಿಲ್ಲ. ಫೋಟೋಕ್ಕೆ ಕುಳಿತವಳಂತೆ ನೇರ ಮುಂದೆ ನೋಡುತ್ತಾ, ಗಂಡನಿಗೆ ಬೇಸರವಾಗಬಾರದೆಂದು ಒಂದು ಸಣ್ಣ ನಗೆ ಇಟ್ಟುಕೊಂಡಿದ್ದಳು.

“ಚೆನ್ನಾಗಿದೆ ರೀ. ತುಂಬಾ ಸ್ವಚ್ಛವಾಗಿದೆ.”

“ಎಲ್ಲಿದೆ ಹಕ್ಕಿ? ಕೈ ಮಾಡಿ ತೋರಿಸು,” ಎಂದರು ಭಾವ.

ಅಕ್ಕ ಎಡಕ್ಕೆ ತೋರಿಸಿದಳು. ಹಕ್ಕಿ ಬಲಗಡೆ ಕಿಟಕಿಯ ಮೇಲಿತ್ತು. ಭಾವ ಮತ್ತೆ ಹಾಕಿದರು, ಇನ್ನೂ ಜೋರಾಗಿ ಹಾಕಿದರು. ಅವಳು ಮತ್ತೆ ಎಡಕ್ಕೆ ತೋರಿಸಿದಳು, ನಮ್ಮ ಮುಖ ನೋಡಿ ಬಲಕ್ಕೆ ಬದಲಿಸಿದಳು, ಆಮೇಲೆ ಕೈಯನ್ನೇ ಇಳಿಸಿದಳು.

“ಬಿಡಿ. ನಿಮ್ಮ ಅಂಗಡಿಯವರು ಬಳಿದ ಗೋಡೆ ಇದ್ದ ಹಾಗಿದೆ. ಎಲ್ಲೂ ಒಂದು ಗುರುತಿಲ್ಲ,” ಎಂದು ಅವರ ಹೆಗಲು ತಟ್ಟಿ, ಮಗುವನ್ನು ಎತ್ತಿಕೊಂಡು ಪರದೆಯ ಆಚೆಗೆ ಹೋದಳು. ಮಿಷನ್ನಿನ ಸದ್ದು ಶುರುವಾಯಿತು. ಭಾವ ರಿಮೋಟು ಹಿಡಿದು ನಿಂತೇ ಇದ್ದರು. ಅವರು ಅಷ್ಟು ಸೋತದ್ದನ್ನು ನಾನು ಎಂದೂ ನೋಡಿರಲಿಲ್ಲ.

ಆ ವಾರವಿಡೀ ಅವರು ಟಿವಿ ಹಾಕಲಿಲ್ಲ. ಮುಂದಿನ ರಜೆಯ ದಿನ ಎಲ್ಲವನ್ನೂ ಬಿಚ್ಚಿ ಕೊಟ್ಟುಬಿಡುವುದೆಂದು ಕೂತರು. ಹೊಸ ಆಂಪ್ಲಿಫೈಯರನ್ನು ಅಂಗಡಿಯ ಜೊತೆಗಾರನೊಬ್ಬ ಕೇಳಿದ್ದನಂತೆ. ಕೊಡುವ ಮೊದಲು ತಾವು ತಿದ್ದಿದ್ದನ್ನೆಲ್ಲ ಅಳಿಸಿಹಾಕಿದರು. ಉಣ್ಣೆ, ಕಂಬಳಿ, ಗೂಡು ಎಲ್ಲವನ್ನೂ ನಾನು ಕಿತ್ತು ಚೀಲಕ್ಕೆ ತುಂಬಿದೆ. ಅಳಿಸಿದ ಮೇಲೆ ಯಂತ್ರ ತನ್ನಷ್ಟಕ್ಕೆ ತಾನೇ ಎಲ್ಲ ಸ್ಪೀಕರುಗಳನ್ನೂ ಒಂದೊಂದಾಗಿ ಕೂಗಿ ನೋಡತೊಡಗಿತು. ಮತ್ತೆ ಆ ಸುಯ್ ಸದ್ದು. ಈ ಸಲ ಒರಟು ಮರಳು, ಹಸಿ ಮರಳು, ಗಾಜಿನ ಪುಡಿ, ಒಂದೊಂದರದು ಒಂದೊಂದು ಬಗೆ.

ಪರದೆಯ ಆಚೆ ಮಿಷನ್ನು ನಿಂತಿತು.

“ಏನ್ರೀ, ಸೊಳ್ಳೆ ವಾಪಸ್ ಬಂತಾ?” ಅಕ್ಕನ ದನಿ.

ಸದ್ದು ಬರುತ್ತಿದ್ದುದು ಕಿಟಕಿಯ ಮೇಲಿನ ಪ್ಲಾಸ್ಟಿಕ್ ಡಬ್ಬಿಯಿಂದಲೇ. ಭಾವ ನನ್ನ ಮುಖ ನೋಡಿದರು, ನಾನು ಅವರದು. ಸದ್ದು ಮುಂದಿನದಕ್ಕೆ ಹೋಯಿತು.

“ತಗಡು,” ಎಂದಳು ಅಕ್ಕ. ಸರಿಯಾಗಿತ್ತು. “ಈಗ ದೊಡ್ಡಪ್ಪ.” ಅದೂ ಸರಿ. “ಅಯ್ಯೋ, ಈ ನೆಗಡಿ ಇನ್ನೂ ವಾಸಿಯಾಗಿಲ್ಲ.”

ನಾನು ಪರದೆ ಸರಿಸಿದೆ. ಅವಳು ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಿದ್ದಳು.

“ಅಕ್ಕ, ಸೊಳ್ಳೆ ಎಲ್ಲಿದೆ?”

“ಇನ್ನೆಲ್ಲಿ? ಹಿಂದೆ, ಕಿಟಕಿ ಮೇಲೆ. ನೀನೇ ಅಲ್ವಾ ಸ್ಟೂಲ್ ಹಿಡ್ಕೊಂಡಿದ್ದು?” ಎಂದಳು. ದಾರ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ತಾನು ಏನು ಹೇಳಿದೆ ಎನ್ನುವುದು ಅವಳಿಗೇ ನಿಧಾನವಾಗಿ ತಲುಪಿದ್ದನ್ನು ನಾನು ಕಣ್ಣಾರೆ ನೋಡಿದೆ. ಕೇಳಿದ ಒಂದು ಶಬ್ದಕ್ಕೆ ಅವಳು ಎಷ್ಟೋ ಕಾಲದ ಮೇಲೆ ಒಂದು ಜಾಗ ಹೇಳಿದ್ದಳು.

ಭಾವ ನೆಲದ ಮೇಲೆ ವೈರುಗಳ ನಡುವೆ ಹಾಗೇ ಕುಸಿದು ಕೂತರು. “ನಾನೆಂಥ ದಡ್ಡ!” ಎಂದು ಹಣೆ ಬಡಿದುಕೊಂಡರು. “ನಮಗೆ ಎರಡು ಕಿವಿ. ಎರಡೂ ಮಾತಾಡ್ಕೊಂಡು ಇದು ಇಲ್ಲಿಂದ, ಅದು ಅಲ್ಲಿಂದ ಅಂತ ಹೇಳ್ಬಿಡುತ್ತವೆ. ಅವಳಿಗಿರೋದು ಒಂದು. ಅದಕ್ಕೆ ಗೊತ್ತಾಗೋದು ದನಿ ಯಾರದ್ದು ಅನ್ನೋದು ಮಾತ್ರ. ಯಾರು ಅಂತ ಗೊತ್ತಾದ್ರೆ ಎಲ್ಲಿ ಕೂತಿದ್ದಾರೆ ಅಂತ ಗೊತ್ತು. ನಾನು ಎಲ್ಲರ ದನೀನೂ ಒಂದೇ ಮಾಡಿ ಅವಳನ್ನ ಕತ್ತಲೆಗೆ ತಳ್ಳಿದೆ. ಜೀವಮಾನವೆಲ್ಲ ತೇಪೆ ಮುಚ್ಚಿದ ಕೈ ನೋಡು ಇದು.”

“ಹಾಗಿದ್ರೆ ತೇಪೆ ತೆಗೀರಿ,” ಎಂದಳು ಅಕ್ಕ. ಅವಳು ಸೂಜಿ ಬಿಟ್ಟು ಎದ್ದು ಬಂದಿದ್ದಳು. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, “ಶುರು ಮಾಡಿ,” ಎಂದಳು.

ಆ ಮಧ್ಯಾಹ್ನ ನಮ್ಮ ಹಾಲ್‌ನಲ್ಲಿ ನಡೆದದ್ದನ್ನು ಬೇರೆ ಯಾರಾದರೂ ನೋಡಿದ್ದರೆ ನಮಗೆಲ್ಲ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಲೋಕದವರೆಲ್ಲ ಯಾವುದಕ್ಕೆ ಪರದಾಡುತ್ತಾರೋ ಅದನ್ನೇ ನಾವು ಕಷ್ಟಪಟ್ಟು ಕೆಡಿಸಿದೆವು. ದೊಡ್ಡಪ್ಪನ ಹೊಟ್ಟೆಯ ದನಿ ಹೆಚ್ಚಾಯಿತು, ಮೇಲಿನ ದನಿ ಹೋಯಿತು. ನೆಗಡಿಗೆ ಇನ್ನಷ್ಟು ನೆಗಡಿ. ತಗಡಿನ ಬಾಯೊಳಗೆ ಭಾವ ಒಂದು ಸ್ಟೀಲ್ ಚಮಚ ಇಟ್ಟರು. “ಸೊಳ್ಳೆ ಇನ್ನೂ ಸಣ್ಣಗಾಗಲಿ, ಇನ್ನೂ... ಸಾಕು, ಸಾಕು!” ಎಂದು ಅಕ್ಕ ಕಣ್ಣು ಮುಚ್ಚಿ ಆಜ್ಞೆ ಮಾಡುತ್ತಿದ್ದಳು. ಒಂದೊಂದು ತಿರುಪನ್ನು ದನಿ ಕೆಡುವ ಕಡೆಗೆ ತಿರುಗಿಸಿದಾಗಲೆಲ್ಲ ಭಾವನ ಮುಖ ಹುಳಿ ತಿಂದಂತಾಗುತ್ತಿತ್ತು. ಆದರೂ ತಿರುಗಿಸುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವರು ಹಳೆಯ ಶಿಸ್ತು ಬಿಡಲಿಲ್ಲ. ಐದೂ ಒಂದೇ ಮಟ್ಟದಲ್ಲಿ ಕೇಳಬೇಕು, ಒಬ್ಬರು ಇನ್ನೊಬ್ಬರನ್ನು ತುಳಿಯಬಾರದು. ಬಣ್ಣ ಬೇರೆ ಇರಲಿ, ಬೆಳಕು ಒಂದೇ ಇರಲಿ ಎಂದು ಅವರ ಭಾಷೆಯಲ್ಲಿ ಹೇಳಿದರು.

ಕೊನೆಗೆ ಹಕ್ಕಿ ಎದ್ದಿತು.

ನನ್ನ ಕಿವಿಗೆ ಅದು ಶುದ್ಧ ಅಪಚಾರ. ಎಡಗಡೆ ಗೂಬೆಯಂತೆ ಎದ್ದ ಪ್ರಾಣಿ, ಹಿಂದೆ ಹೋಗುತ್ತಲೇ ಪಾತ್ರೆ ಅಂಗಡಿಯಾಯಿತು, ಕಿಟಕಿಯ ಹತ್ತಿರ ಜೀರುಂಡೆಯಾಯಿತು, ಮುಂದೆ ಬಂದು ಮೂಗು ಕಟ್ಟಿದ ಕೋಳಿಯಾಯಿತು. ಹೋದವಾರ ಗಾಳಿಯಲ್ಲಿ ತೇಲಿದ್ದ ನನ್ನ ಹಕ್ಕಿ ಸತ್ತೇಹೋಯಿತು. ನಾನು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದು ಅಕ್ಕನ ಕಡೆ ತಿರುಗಿದೆ. ನಗು ಅಲ್ಲೇ ಒಣಗಿತು.

ಅಕ್ಕನ ತಲೆ ತಿರುಗುತ್ತಿತ್ತು.

ಮೊದಲು ಒಂದಿಷ್ಟು ಎಡಕ್ಕೆ. ಆಮೇಲೆ, ಹೆಗಲ ಮೇಲಿಂದ, ಹಿಂದಕ್ಕೆ. ಕಣ್ಣು ಮುಚ್ಚಿಯೇ ಇತ್ತು. ಬಲಗೈ ತೊಡೆಯ ಮೇಲಿಂದ ತಾನಾಗಿ ಎದ್ದು, ಬೆರಳು ಚಾಚಿ, ತಗಡಿನಿಂದ ಕಿಟಕಿಗೆ, ಕಿಟಕಿಯಿಂದ ಬಲಮೂಲೆಗೆ, ಅಲ್ಲಿಂದ ಟಿವಿಗೆ, ಹಕ್ಕಿಯ ಜೊತೆ ಜೊತೆಯಲ್ಲೇ ಒಂದು ಸುತ್ತು ಬಂತು. ಸತ್ತ ಕಿವಿಯ ಕಡೆಯನ್ನೂ ದಾಟಿಕೊಂಡು ಬಂತು. ಹೋದವಾರ ನಾನು ಕಂಡದ್ದು ಭಾವನ ಜಾಣ್ಮೆ, ಒಂದು ಸೊಗಸಾದ ಆಟ. ಇದು ಬೇರೆ. ಒಂದು ಕಡೆಯ ಬಾಗಿಲು ಮುಚ್ಚಿಹೋದ ಮನೆಯಲ್ಲಿ ಅವಳು ತನ್ನಷ್ಟಕ್ಕೆ ತಾನು ಹೊಸದೊಂದು ಬಾಗಿಲು ಕೊರೆದುಕೊಂಡಿದ್ದಳು, ನಮಗೂ ಹೇಳದೆ, ತನಗೂ ತಿಳಿಯದೆ.

“ರೀ,” ಎಂದಳು ಅಕ್ಕ ಕಣ್ಣು ತೆರೆಯದೆ. “ನನ್ನ ಬೆನ್ನ ಹಿಂದೆ ಹೋಯ್ತು ಹಕ್ಕಿ.”

ಭಾವ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನು? ಆಮೇಲೆ ಅವಳು ಅಡುಗೆಮನೆಗೆ ಹೋದಾಗ ನಾನು ಬಲಗಿವಿಗೆ ಹತ್ತಿ ತುರುಕಿ, ಮೇಲೆ ಅಂಗೈ ಒತ್ತಿ ಅದೇ ಹಕ್ಕಿಯನ್ನು ಹಾಕಿಕೊಂಡು ಕೂತೆ. ಈಗ ಸೊಳ್ಳೆ, ಈಗ ತಗಡು ಎಂದು ಗುರುತು ಹಿಡಿಯಬಹುದಿತ್ತು, ಅಷ್ಟೇ. ಹಕ್ಕಿ ಹಾರಲಿಲ್ಲ. ಆ ಹಾರಾಟ ಅವಳು ಇಷ್ಟು ಕಾಲ ಒಂದೇ ಕಿವಿಯಲ್ಲಿ ಬದುಕಿ ಸಂಪಾದಿಸಿದ್ದು, ಹತ್ತಿಯ ಉಂಡೆಯಿಂದ ಬರುವಂಥದ್ದಲ್ಲ. ತೆಪ್ಪಗೆ ಹತ್ತಿ ತೆಗೆದುಹಾಕಿದೆ.

ಆಂಪ್ಲಿಫೈಯರು ಜೊತೆಗಾರನಿಗೆ ಹೋಗಲಿಲ್ಲ. ಅಕ್ಕ ದಿನಾ ಹೊಲಿಗೆ ಮುಗಿಸಿ ಸ್ವಲ್ಪ ಹೊತ್ತು ಸೋಫಾದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಮಳೆ, ರೈಲು, ಸಂತೆಯ ಗದ್ದಲ, ಏನು ಸಿಕ್ಕಿದರೂ ಸರಿ. ತಲೆಯನ್ನು ಅತ್ತಿತ್ತ ಮೆಲ್ಲಗೆ ಹೊರಳಿಸುತ್ತಾ ಕೇಳುತ್ತಿದ್ದಳು. ಎಷ್ಟೋ ಸಲ ತಪ್ಪುತ್ತಿದ್ದಳು. ಆಮೇಲೆ ಒಂದು ವಿಚಿತ್ರ ಗಮನಿಸಿದೆ. ಟಿವಿ ಆಫ್ ಇದ್ದಾಗಲೂ ಅವಳು ಹಾಗೆ ತಲೆ ಹೊರಳಿಸುತ್ತಾ ಓಡಾಡತೊಡಗಿದಳು. ಬಚ್ಚಲಿನಲ್ಲಿ ನಿಂತು ಒಂದು ಸಲ ಚಪ್ಪಾಳೆ, ಮಲಗುವ ಕೋಣೆಯಲ್ಲಿ ಒಂದು, ನನ್ನ ಮೆಟ್ಟಿಲ ಕೆಳಗೆ ಒಂದು.

“ಏನೇ ಇದು, ಯಾರನ್ನ ಓಡಿಸ್ತಿದ್ದೀಯಾ?” ಎಂದು ಕೇಳಿದೆ.

“ಸುಮ್ನಿರೇ,” ಎಂದಳು. “ಕೇಳ್ತಾ ಇದ್ದೀನಿ.”

ಒಂದು ಮಧ್ಯಾಹ್ನ ಮೂವರೂ ಸಿನಿಮಾ ಹಾಕಿಕೊಂಡು ಕೂತಿದ್ದೆವು. ಮೆಣಸು ಚಾಪೆಯ ಮೇಲೆ ಇದ್ದಾಳೆಂದು ನಾನು, ಅಕ್ಕನ ಮಗ್ಗುಲಲ್ಲಿ ಇದ್ದಾಳೆಂದು ಭಾವ ತಿಳಿದಿದ್ದೆವು. ಎರಡೂ ಕಡೆ ಇರಲಿಲ್ಲ.

“ಅಮ್ಮಾ!” ಎಂದು ಒಂದು ಕೂಗು ಕೇಳಿತು.

ನನಗೆ ತಕ್ಷಣ ಗೊತ್ತಾಯಿತು, ಹಿತ್ತಲು. ಭಾವನಿಗೂ ಗೊತ್ತಾಯಿತು, ಎದ್ದೇಬಿಟ್ಟರು. ಅಕ್ಕನೂ ಎದ್ದಿದ್ದಳು. ಆದರೆ ಅವಳು ಓಡಲಿಲ್ಲ. ನಾನು ಭಾವನ ತೋಳು ಹಿಡಿದು ಎಳೆದೆ. ಬಾಯಿ ತೆರೆದಿದ್ದವರು ಮುಚ್ಚಿಕೊಂಡರು. ನಾವಿಬ್ಬರೂ ಆ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

ಅಕ್ಕ ರಿಮೋಟು ಒತ್ತಿ ಸದ್ದು ನಿಲ್ಲಿಸಿದಳು. “ಇನ್ನೊಂದ್ಸಲ ಕೂಗು ಪುಟ್ಟಾ,” ಎಂದಳು ಗಟ್ಟಿಯಾಗಿ.

“ಅಮ್ಮಾ!”

ಅವಳ ತಲೆ ಮೆಲ್ಲಗೆ ಒಂದು ಕಡೆಗೆ, ಮತ್ತೆ ಇನ್ನೊಂದು ಕಡೆಗೆ ಹೊರಳಿತು. ತುಟಿ ಅಲ್ಲಾಡುತ್ತಿತ್ತು. “ಬಚ್ಚಲಲ್ಲಿದ್ರೆ ಗುಂಯ್ ಅನ್ನುತ್ತೆ. ಅಡುಗೆಮನೆ ಆದ್ರೆ ಪಾತ್ರೆಗಳೂ ಜೊತೆಗೆ ಕೂಗ್ತವೆ. ಮೆಟ್ಟಿಲಾದ್ರೆ ಬಾವಿ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. “ಈ ದನಿಗೆ ಗೋಡೆನೇ ತಾಗ್ತಿಲ್ಲ.” ಕೈಯಲ್ಲಿದ್ದ ರಿಮೋಟು ಸೋಫಾದ ಮೇಲಿಟ್ಟಳು. “ಹೊರಗಿದ್ದಾಳೆ. ಹಿತ್ತಲಲ್ಲಿ.”

ಹೇಳಿ ಹೊರಟಳು. ಯಾವ ಬಾಗಿಲನ್ನೂ ತೆರೆದು ನೋಡಲಿಲ್ಲ. ಅಡುಗೆಮನೆ ದಾಟಿ, ಓರೆಯಾಗಿದ್ದ ಹಿಂಬಾಗಿಲು ತಳ್ಳಿ, ಮೆಟ್ಟಿಲಿಳಿದ ಅವಳ ಚಪ್ಪಲಿಯ ಸದ್ದು ನಮಗೆ ನೇರವಾಗಿ, ಎಲ್ಲೂ ನಿಲ್ಲದೆ ಕೇಳಿಸಿತು. ಆ ಸದ್ದಿಗಿಂತ ದೊಡ್ಡದನ್ನು ನಾನು ಬದುಕಿನಲ್ಲಿ ಕೇಳಿಲ್ಲ. ಒಂದೊಂದು ಕೋಣೆಗೂ ಒಂದೊಂದು ಗಂಟಲಿದೆ ಎನ್ನುವುದು ಈ ಮನೆಯಲ್ಲಿ ಇಷ್ಟು ವರ್ಷ ಬದುಕಿದ ನಮಗೆ ಗೊತ್ತೇ ಇರಲಿಲ್ಲ.

ಹಿತ್ತಲಿನಿಂದ ಮೆಣಸಿನ ದನಿ ಬಂತು. ಅದರಲ್ಲಿ ಅಳುವಿರಲಿಲ್ಲ, ಹಳೆಯ ಖಾರವೆಲ್ಲ ಇತ್ತು.

“ಹೋಗಮ್ಮಾ! ಇಷ್ಟು ಬೇಗ ಯಾಕೆ ಬಂದೆ? ನಾನಿನ್ನೂ ಬಚ್ಚಿಟ್ಕೊಂಡೇ ಇಲ್ಲ!”

ಅಕ್ಕ ನಕ್ಕದ್ದು ಕೇಳಿಸಿತು. ಭಾವ ನಿಧಾನವಾಗಿ ಸೋಫಾದ ಮೇಲೆ ಕೂತರು, ಪಕ್ಕದಲ್ಲಿ ನಾನೂ ಕೂತೆ. ಸಿನಿಮಾ ಮತ್ತೆ ಹಾಕುವುದು ಇಬ್ಬರಿಗೂ ಬೇಕಿರಲಿಲ್ಲ. ಹಿತ್ತಲಿನಲ್ಲಿ ತಾಯಿ ಮಗಳು ಯಾರು ಮೊದಲು ಬಚ್ಚಿಟ್ಟುಕೊಳ್ಳಬೇಕೆಂದು ಜಗಳಾಡುವುದನ್ನು ಕೇಳುತ್ತಾ ಕೂತಿದ್ದೆವು.